ಮತಪತ್ರದಲ್ಲಿ ಒಬ್ಬ ಜಡ್ಜ್

ನಮ್ಮ ಕಾಲೇಜಿನಲ್ಲಿ ಸಂವಿಧಾನ ಪಾಠ ಮಾಡುತ್ತಿದ್ದ ಮೇಷ್ಟ್ರು 233ನೇ ವಿಧಿಗೆ ಬಂದಾಗ ಪುಸ್ತಕ ಮುಚ್ಚಿ ಮೇಜಿನ ಮೇಲಿಡುತ್ತಿದ್ದರು. ರಾಜ್ಯಪಾಲರು ಹೈಕೋರ್ಟಿನ ಜೊತೆ ಸಮಾಲೋಚಿಸಿ ಜಿಲ್ಲಾ ನ್ಯಾಯಾಧೀಶರನ್ನು ನೇಮಿಸುತ್ತಾರೆ ಎನ್ನುವ ವಿಧಿ ಅದು. "ಜಡ್ಜ್ ತಪ್ಪು ತೀರ್ಪು ಕೊಟ್ರೆ ಜನ ಏನ್ ಮಾಡ್ಬೇಕು?" ಅಂತ ಕೇಳೋರು. ಅಪೀಲು ಹಾಕಬೇಕು ಸರ್ ಅಂತ ನಾವು. "ಅಪೀಲು ಹಾಕೋದು ಕಕ್ಷಿದಾರ ಕಣ್ರಯ್ಯಾ. ನಾನು ಕೇಳಿದ್ದು ಜನ."

ಆ ಪ್ರಶ್ನೆ 2018ರಲ್ಲಿ ನನ್ನ ಮನೆಗೆ ಅಂಚೆಯಲ್ಲಿ ಬಂತು. ನಾನಿರುವುದು ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕೌಂಟಿಯಲ್ಲಿ. ಮತಪತ್ರ ಬಿಡಿಸಿದರೆ ಎರಡು ಪ್ರಶ್ನೆ. ನ್ಯಾಯಾಧೀಶ ಆರನ್ ಪರ್ಸ್ಕಿ ಅವರನ್ನು ಅವಧಿ ಮುಗಿಯುವ ಮೊದಲೇ ಹುದ್ದೆಯಿಂದ ವಾಪಸ್ ಕರೆಸಬೇಕೇ? ಕರೆಸಿದರೆ ಅವರ ಜಾಗಕ್ಕೆ ಯಾರು?

ಇಲ್ಲಿ ವಿಚಾರಣಾ ನ್ಯಾಯಾಲಯದ ಜಡ್ಜ್‌ಗಳ ಅವಧಿ ಆರು ವರ್ಷ. ಆಮೇಲೆ ಚುನಾವಣೆ. ಪಕ್ಷದ ಹೆಸರಿಲ್ಲ. ಎದುರಾಳಿ ಇಲ್ಲದಿದ್ದರೆ ಜಡ್ಜ್ ಹೆಸರೂ ಮತಪತ್ರದಲ್ಲಿ ಇರುವುದಿಲ್ಲ. ಪ್ರಾಸಿಕ್ಯೂಟರ್ ಆಗಿದ್ದ ಪರ್ಸ್ಕಿ ಅವರನ್ನು 2003ರಲ್ಲಿ ಗವರ್ನರ್ ಗ್ರೇ ಡೇವಿಸ್ ನೇಮಿಸಿದರು. 2016ರ ಜೂನ್‌ನಲ್ಲೂ ಎದುರಾಳಿ ಇರಲಿಲ್ಲ, ಸುಮ್ನೆ ಮುಂದುವರಿದರು.

ಅದೇ ಜೂನ್‌ನಲ್ಲಿ ಅವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಈಜುಗಾರನಾಗಿದ್ದ ಬ್ರಾಕ್ ಟರ್ನರ್‌ಗೆ ಶಿಕ್ಷೆ ಕೊಟ್ಟರು. ಪ್ರಜ್ಞೆ ಇಲ್ಲದ ಹೆಣ್ಣುಮಗಳ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ್ದ. ಸೈಕಲ್ಲಿನಲ್ಲಿ ಹೋಗುತ್ತಿದ್ದ ಇಬ್ಬರು ಸ್ವೀಡನ್ ವಿದ್ಯಾರ್ಥಿಗಳು ಅದನ್ನು ಕಂಡು ಅವನನ್ನು ಹಿಡಿದಿದ್ದರು. ಸರ್ಕಾರಿ ವಕೀಲರು ಕೇಳಿದ್ದು ಆರು ವರ್ಷ. ಕೊಟ್ಟಿದ್ದು ಆರು ತಿಂಗಳು. ಅವನು ಮೂರೇ ತಿಂಗಳಿಗೆ ಹೊರಗೆ ಬಂದ. ಕೋರ್ಟಿನಲ್ಲಿ ಆ ಹೆಣ್ಣುಮಗಳು ಕೊಟ್ಟ ಹೇಳಿಕೆ ಓದಿ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಶಿಕ್ಷೆ ತೀರಾ ಕಡಿಮೆ ಆಯಿತು, ಅದರಲ್ಲಿ ನನಗೆ ಅನುಮಾನವೇ ಇಲ್ಲ.

ಆದರೆ ಅದು ಕಾನೂನಿನ ಒಳಗೇ ಇತ್ತು. ಪ್ರೊಬೇಷನ್, ಅಂದರೆ ದೀರ್ಘ ಜೈಲಿನ ಬದಲು ನಿಗಾದಲ್ಲಿಟ್ಟು ಹೊರಗೆ ಬಿಡುವುದು, ಅದನ್ನು ನೋಡಿಕೊಳ್ಳುವ ಇಲಾಖೆಯ ಶಿಫಾರಸಿನ ಪ್ರಕಾರವೇ ಇತ್ತು. ಜಡ್ಜ್‌ಗಳ ಮೇಲೆ ಕಣ್ಣಿಡುವ ಆಯೋಗವೂ ದುರ್ನಡತೆ ಇಲ್ಲ ಎಂದಿತು. ಆರು ವರ್ಷ ಕೇಳಿದ್ದ ಕಚೇರಿಯ ಮುಖ್ಯಸ್ಥ ಜೆಫ್ ರೋಸೆನ್ ಕೂಡ ಜಡ್ಜ್‌ರನ್ನು ಕಿತ್ತುಹಾಕುವುದು ಬೇಡ ಅಂದರು. ಬಡ ಆರೋಪಿಗಳ ಪರ ವಾದಿಸುವ ಸರ್ಕಾರಿ ವಕೀಲರಲ್ಲಿ ಹಲವರು ಇನ್ನೂ ಜೋರಾಗಿ ಬೇಡ ಅಂದರು. ಜಡ್ಜ್‌ಗಳು ಮತಕ್ಕೆ ಹೆದರಿ ಶಿಕ್ಷೆ ಜಾಸ್ತಿ ಮಾಡುತ್ತಾ ಹೋದರೆ ಅನುಭವಿಸುವವರು ಬಡವರು, ಕರಿಯರು ಎನ್ನುವುದು ಅವರ ಆತಂಕ. ನನಗೆ ಅದು ನಾಟಿತು. ಕಾನೂನು ಸಡಿಲ ಇದ್ದರೆ ಕಾನೂನನ್ನೇ ಬಿಗಿ ಮಾಡಬೇಕು ಅಲ್ವಾ? 2016ರಲ್ಲೇ ಶಾಸನಸಭೆ ಅದನ್ನೂ ಮಾಡಿತ್ತು. ಇಂಥ ಅಪರಾಧಕ್ಕೆ ಇನ್ನು ಪ್ರೊಬೇಷನ್ ಕೊಡುವ ಹಾಗಿಲ್ಲ.

ನಾನು 'ಬೇಡ' ಎಂದು ಗುರುತು ಹಾಕಿದೆ. ಪಕ್ಕದ ಮನೆಯ ಧಾರವಾಡದ ಅಕ್ಕ 'ಬೇಕು' ಎಂದು ಹಾಕಿದರು. ಅವರ ಮಗಳು ಆ ವರ್ಷ ಕಾಲೇಜು ಸೇರುವವಳಿದ್ದಳು. "ನನ್ನ ಮಗಳ ಕೇಸು ಇಂಥವ್ರ ಮುಂದ ಬಂದ್ರ?" ಅಂತ ಕೇಳಿದರು. ಅವರೊಡನೆ ನಾನು ವಾದಕ್ಕೆ ಇಳಿಯಲಿಲ್ಲ.

ಜೂನ್ 5ರಂದು ನೂರಕ್ಕೆ ಸುಮಾರು 61 ಮತ 'ಬೇಕು' ಕಡೆಗೆ ಬಿತ್ತು. 1932ರ ನಂತರ ಕ್ಯಾಲಿಫೋರ್ನಿಯಾದಲ್ಲಿ ಹೀಗೆ ಹುದ್ದೆ ಕಳೆದುಕೊಂಡ ಮೊದಲ ಜಡ್ಜ್ ಪರ್ಸ್ಕಿ. ಅವರ ಜಾಗಕ್ಕೆ ಗೆದ್ದವರು ಸಿಂಡಿ ಹೆಂಡ್ರಿಕ್ಸನ್, ಅದೇ ರೋಸೆನ್ ಕಚೇರಿಯ ಪ್ರಾಸಿಕ್ಯೂಟರ್.