ಅರ್ಧ ಟೈಪಾದ ಹುಬ್ಬಳ್ಳಿ

ಅಂಚೆಯಲ್ಲಿ ಪುಸ್ತಕ ಕಳಿಸುವ ಒಂದು ಸಣ್ಣ ವೆಬ್‌ಸೈಟು. ಅದರ ಆರ್ಡರ್ ಫಾರಂನಲ್ಲಿ ‘ಊರು’ ಅಂತ ಒಂದು ಬಾಕ್ಸ್. ತುಂಬುವವರು ತೋಚಿದ ಹಾಗೆ ತುಂಬುತ್ತಿದ್ದರು: ಹುಬ್ಬಳ್ಳಿ, ಹುಬ್ಳಿ, ಹುಬ್ಬಳಿ, ಹುಬ್ಬಳ್ಳಿ ಸಿಟಿ. ಓದುವವರಿಗೆ ನಾಲ್ಕೂ ಒಂದೇ. ಪಾರ್ಸೆಲ್‌ಗಳನ್ನು ಊರುವಾರು ವಿಂಗಡಿಸುವ ಪ್ರೋಗ್ರಾಮಿಗೆ ಮಾತ್ರ ನಾಲ್ಕು ಬೇರೆ ಬೇರೆ ಊರು. ಟೈಪ್ ಮಾಡುತ್ತಿದ್ದಂತೆ ಕೆಳಗೆ ಹೆಸರುಗಳು ಮೂಡಬೇಕು, ಒಂದನ್ನು ಮುಟ್ಟಿದರೆ ಬಾಕ್ಸ್ ತುಂಬಬೇಕು, ಇಷ್ಟೇ ಕೆಲಸ. ಇಂಗ್ಲಿಷ್ ಫಾರಂ ಆಗಿದ್ದರೆ ಮಧ್ಯಾಹ್ನದ ಊಟದೊಳಗೆ ಮುಗಿಯುವಂಥದ್ದು. ಕನ್ನಡದಲ್ಲಿ ಇಡೀ ದಿನ ಹಿಡಿಯಿತು, ಅದರಲ್ಲಿ ಅರ್ಧ ದಿನವನ್ನು ತಿಂದದ್ದು ಅರ್ಧಕ್ಕೆ ನಿಂತ ಅಕ್ಷರ.

ಬೆಳಿಗ್ಗೆ ಮೊದಲು ಹಾಕಿ ನೋಡಿದ್ದು ಡೇಟಾಲಿಸ್ಟ್. ಎಚ್‌ಟಿಎಂಎಲ್‌ನಲ್ಲೇ ಇರುವ, ಸಲಹೆಗಳ ಪಟ್ಟಿ ತೋರಿಸುವ ಟ್ಯಾಗು. ಇನ್‌ಪುಟ್‌ನ ‘ಲಿಸ್ಟ್’ ಆಟ್ರಿಬ್ಯೂಟ್‌ಗೆ ಡೇಟಾಲಿಸ್ಟ್‌ನ ಐಡಿ ಕೊಟ್ಟು, ಒಳಗೆ ಊರಿಗೊಂದು ‘ಆಪ್ಷನ್’ ಬರೆದರೆ ಆಯಿತು, ಜಾವಾಸ್ಕ್ರಿಪ್ಟ್‌ನ ಗೊಡವೆಯೇ ಇಲ್ಲ. ನೂರಿನ್ನೂರು ಹೆಸರಿದ್ದರೆ ಇದೇ ಸಾಕು, ಮೇಲೆ ಲೈಬ್ರರಿ ಎಳೆದು ತರುವುದು ದಂಡ. (ಜಿಲ್ಲೆಗೆ ಇದೂ ಬೇಡ. 31 ಹೆಸರು, ಅವುಗಳಲ್ಲೇ ಒಂದನ್ನು ಆರಿಸಬೇಕು, ಮಾಮೂಲಿ ಸೆಲೆಕ್ಟ್ (ಇದ್ದದ್ದರಲ್ಲಿ ಒಂದನ್ನು ಆರಿಸುವ ಪಟ್ಟಿ) ಇಟ್ಟರೆ ಮುಗಿಯಿತು.) ಊರಿಗೆ ಡೇಟಾಲಿಸ್ಟ್ ಸೋತಿತು. 2011ರ ಜನಗಣತಿಯ ಲೆಕ್ಕದಲ್ಲಿ ಕರ್ನಾಟಕದ ಹಳ್ಳಿಗಳೇ ಸುಮಾರು 29 ಸಾವಿರ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ (ಅಕ್ಷರ ಅಥವಾ ಕಾಗುಣಿತದ ಚಿಹ್ನೆ) 3 ಬೈಟ್. ಹೆಸರಿಗೆ 25 ಬೈಟ್ ಅಂತ ಹಿಡಿದರೂ ಏಳು ಲಕ್ಷ ಬೈಟ್ ದಾಟುತ್ತದೆ, ಅದನ್ನು ಪುಟದ ಜೊತೆಗೇ ಕಳಿಸುವ ಹಾಗಿಲ್ಲ. ಇದಕ್ಕಿಂತ ದೊಡ್ಡ ತೊಡಕು, ಯಾವುದನ್ನು ತೋರಿಸಬೇಕು ಅನ್ನುವುದು ಬ್ರೌಸರಿನ ಕೈಯಲ್ಲಿರುತ್ತದೆ. ಒಂದೊಂದು ಬ್ರೌಸರು ಒಂದೊಂದು ರೀತಿ ಸೋಸುತ್ತದೆ, ಯಾವುದಕ್ಕೂ ನಾವು ಹೇಳುವುದು ಕೇಳಿಸುವುದಿಲ್ಲ. ಸೋಸುವುದರಲ್ಲೇ ಕನ್ನಡದ ಕಷ್ಟ ಇರುವುದು.

ಸ್ವಂತ ಪಟ್ಟಿ ಕಟ್ಟಿ, ಟೈಪಾದ ಭಾಗದಿಂದ ಶುರುವಾಗುವ ಹೆಸರುಗಳನ್ನು ತೋರಿಸು ಅಂತ ಬರೆದೆವು. ನುಡಿ ತಂತ್ರಾಂಶದ ಕಗಪ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆ ವಿನ್ಯಾಸದಲ್ಲಿ ಚೆನ್ನಾಗೇ ನಡೆಯಿತು. ಅಲ್ಲಿ ವ್ಯಂಜನದ ಕೀಲಿ ಒತ್ತಿದರೆ ಅಕಾರ ಸಮೇತ ಪೂರ್ತಿ ಅಕ್ಷರವೇ ಬರುತ್ತದೆ, ಒತ್ತು, ಅಂದರೆ ‘್’ ಚಿಹ್ನೆ, ಬೇಕಾದಾಗ ‘ಎಫ್’ ಒತ್ತಬೇಕು. ಇಂಗ್ಲಿಷ್ ಉಚ್ಚಾರದಂತೆ ಟೈಪ್ ಮಾಡುವ ಲಿಪ್ಯಂತರಣ ಕೀಲಿಮಣೆ ಹಚ್ಚಿದ ಕೂಡಲೇ ಪಟ್ಟಿ ಮಿಣುಕತೊಡಗಿತು, ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಒಂದೊಂದೇ ಕೀಲಿ ಒತ್ತಿ ಬಾಕ್ಸ್‌ನಲ್ಲಿ ಏನಿದೆ ಅಂತ ನೋಡಿದಾಗ ಕಾರಣ ಕಂಡಿತು. ಹುಬ್ಬಳ್ಳಿಗೆ ಎಂಟು ಕೀಲಿ, ಬಾಕ್ಸ್‌ನಲ್ಲಿ ಮೂಡುವುದು ಹೀಗೆ: ಹ್, ಹು, ಹುಬ್, ಹುಬ್ಬ್, ಹುಬ್ಬ, ಹುಬ್ಬಳ್, ಹುಬ್ಬಳ್ಳ್, ಹುಬ್ಬಳ್ಳಿ. ಇವುಗಳಲ್ಲಿ ‘ಹ್’, ‘ಹುಬ್ಬ್’, ‘ಹುಬ್ಬಳ್ಳ್’ ಈ ಮೂರರಿಂದ ಶುರುವಾಗುವ ಊರು ಪಟ್ಟಿಯಲ್ಲಿ ಇಲ್ಲ. ಮೂರು ಸಲ ಪಟ್ಟಿ ಮಾಯ. ಧಾರವಾಡದ್ದು ಇನ್ನೂ ಕಷ್ಟ: ದ್, ಧ್, ಧಾ, ಧಾರ್, ಧಾರ, ಧಾರವ್, ಧಾರವಾ, ಧಾರವಾಡ್, ಧಾರವಾಡ. ಒಂಬತ್ತರಲ್ಲಿ ಐದು ಸಲ ಖಾಲಿ.

ಮದ್ದು ಒಂದೇ ಸಾಲಿನದು. ಹುಡುಕುವ ಮುಂಚೆ, ಟೈಪಾದ ಪದದ ಕೊನೆಯಲ್ಲಿ ‘್’ ಇದ್ದರೆ ಅದನ್ನು ಕಿತ್ತುಹಾಕು. ‘ಹುಬ್ಬ್’ ಹುಬ್ಬ ಆಗುತ್ತದೆ, ಪಟ್ಟಿ ಅಲುಗಾಡುವುದಿಲ್ಲ. ಪದದ ನಡುವಿನ ಒತ್ತನ್ನು ಮುಟ್ಟಬಾರದು, ಕೊನೆಯದನ್ನು ಮಾತ್ರ. ಬಾಕ್ಸ್‌ನಲ್ಲಿ ಕಾಣುವುದನ್ನಂತೂ ಬದಲಿಸಲೇಬಾರದು, ಹುಡುಕುವ ಪ್ರತಿಯನ್ನಷ್ಟೇ ಬದಲಿಸಬೇಕು.

ಧಾರವಾಡದ ಮೊದಲ ಕೀಲಿ ಮಾತ್ರ ಇಷ್ಟಕ್ಕೆ ಬಗ್ಗಲಿಲ್ಲ. ‘ದ್’ನ ಒತ್ತು ಕಿತ್ತರೆ ಉಳಿಯುವುದು ದ, ಊರಿನಲ್ಲಿರುವುದು ಧ. ಆಗ ಬೇಕಾದದ್ದು ಹುಡುಕು-ಕೀ, ಅಂದರೆ ಪ್ರತಿ ಹೆಸರಿಗೂ ಡೇಟಾಬೇಸ್‌ನಲ್ಲಿ ಇನ್ನೊಂದು ಕಾಲಂನಲ್ಲಿ ಇಡುವ ಸರಳ ರೂಪ. ಮಹಾಪ್ರಾಣವೆಲ್ಲ ಅಲ್ಪಪ್ರಾಣ, ಶ ಷ ಎರಡೂ ಸ, ಳ ಲ, ಣ ನ. ಬಳಕೆದಾರರು ಟೈಪ್ ಮಾಡಿದ್ದನ್ನೂ ಇದೇ ಫಂಕ್ಷನ್‌ಗೆ ಹಾಕಿ ತೆಗೆದು ಹೋಲಿಸಬೇಕು. ಒಂದು ಕಡೆ ಮಾಡಿ ಇನ್ನೊಂದು ಕಡೆ ಮರೆತರೆ, ಮೊದಲು ಸಿಗುತ್ತಿದ್ದ ಊರೂ ಸಿಗುವುದಿಲ್ಲ.

ಹ್ರಸ್ವ-ದೀರ್ಘ ಒಂದೇ ಮಾಡಲು, ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್ ಒಳಗೇ ಒಂದು ಅನುಕೂಲ ಇದೆ. ಕನ್ನಡದ ೀ, ೇ, ೋ ಮೂರನ್ನೂ ಎನ್‌ಎಫ್‌ಡಿ ರೂಪಕ್ಕೆ (ಯೂನಿಕೋಡ್‌ನ ಬಿಡಿಸಿಟ್ಟ ರೂಪ) ಒಡೆದರೆ ಕೊನೆಯಲ್ಲಿ ದೀರ್ಘದ ಗುರುತು ಬೇರೆಯಾಗಿ ನಿಲ್ಲುತ್ತದೆ, ಅದರ ಸಂಕೇತ 0ಸಿಡಿ5. ಅದೊಂದನ್ನು ಅಳಿಸಿದರೆ ೀ ಇದ್ದದ್ದು ಿ, ೇ ಇದ್ದದ್ದು ೆ, ೋ ಇದ್ದದ್ದು ೊ. ೂ ಹೀಗೆ ಒಡೆಯುವುದಿಲ್ಲ, ಅದನ್ನು ೂ ಇಂದ ು ಅಂತ ಕೈಯಾರೆ ಬರೆಯಬೇಕು. ಈ, ಊ, ಏ, ಓ ಸ್ವರಗಳಿಗೂ ಹಾಗೇ. ಇಲ್ಲಿ ಒಂದು ಹೆಜ್ಜೆ ಬಿಟ್ಟು ಎಡವಿದೆವು. ಒಡೆದ ರೂಪದಲ್ಲೇ ಹೋಲಿಸಿದ್ದರಿಂದ ‘ಹೆ’ ಅಂತ ಟೈಪ್ ಮಾಡಿದರೆ ಹೊಸಪೇಟೆ ಬಂತು, ‘ಮೆ’ ಅಂದರೆ ಮೈಸೂರು. ಎನ್‌ಎಫ್‌ಡಿಯಲ್ಲಿ ೊ ಅನ್ನುವುದು ೆ ಮತ್ತು ೂ, ೈ ಅನ್ನುವುದು ೆ ಮತ್ತು ೖ ಆಗಿ ಬಿಡಿಬಿಡಿಯಾಗಿರುತ್ತದಲ್ಲ, ಎರಡಕ್ಕೂ ತಲೆ ಒಂದೇ. ದೀರ್ಘ ಅಳಿಸಿದ ಮೇಲೆ ಎನ್‌ಎಫ್‌ಸಿಗೆ (ಕೂಡಿಸಿಟ್ಟ ರೂಪ) ವಾಪಸು ಕೂಡಿಸಿ, ಆಮೇಲೆ ೂ ಅನ್ನು ು ಮಾಡಬೇಕು. ಕ್ರಮ ತಪ್ಪಿದರೆ ಕೆಲಸ ಕೆಡುತ್ತದೆ.

ಊರುಗಳ ಪಟ್ಟಿಯಲ್ಲೂ ಕೊಳೆ ಇತ್ತು. ಅದರ ಒಂದು ಭಾಗ ಹಳೆಯ ಆಸ್ಕಿ ಫಾಂಟಿನ ಕಡತದಿಂದ ಯೂನಿಕೋಡ್‌ಗೆ ಬದಲಾಯಿಸಿದ್ದು. ‘ಬೆ೦ಗಳೂರು’ ಅಂತ ಎದುರಿಗೇ ಇದೆ, ‘ಬೆಂ’ ಟೈಪ್ ಮಾಡಿದರೆ ಸಿಗುವುದಿಲ್ಲ. ಕಣ್ಣಿಗೆ ಎರಡೂ ಒಂದೇ ಸೊನ್ನೆ. ಮೊದಲನೆಯದು ಕನ್ನಡ ಅಂಕಿಯ ಸೊನ್ನೆ, 0ಸಿಇ6. ಎರಡನೆಯದು ಅನುಸ್ವಾರ, 0ಸಿ82. ಇಡೀ ಪಟ್ಟಿಯಲ್ಲಿ ಅಂಕಿಯನ್ನು ಅನುಸ್ವಾರ ಮಾಡಿಬಿಡೋಣ ಅನ್ನಿಸುತ್ತದೆ, ಮಾಡಬಾರದು, ‘೧೦ನೇ ಮೈಲಿ’ಯಂಥ ಹೆಸರು ಹಾಳಾಗುತ್ತದೆ. ಹಿಂದಿನ ಸಂಕೇತ ಅಕ್ಷರವೋ ಕಾಗುಣಿತದ ಚಿಹ್ನೆಯೋ ಆಗಿದ್ದರೆ ಮಾತ್ರ ಬದಲಿಸಬೇಕು, ಅಂಕಿಯಾಗಿದ್ದರೆ ಬಿಡಬೇಕು. ಜೊತೆಗೆ ಕಣ್ಣಿಗೇ ಕಾಣದ ಎರಡು ಸಂಕೇತ, 200ಸಿ ಮತ್ತು 200ಡಿ. ಒತ್ತಕ್ಷರ ಬಿಡಿಸಿ ತೋರಿಸಲು, ಅರ್ಕಾವತ್ತು ತಪ್ಪಿಸಲು ಇವು ಬೇಕು. ಹುಡುಕು-ಕೀಯಲ್ಲಿ ಬೇಡ, ಮೊದಲ ಹೆಜ್ಜೆಯಲ್ಲೇ ತೆಗೆದರೆ ಒಳ್ಳೆಯದು.

ಅಡ್ಡಹೆಸರುಗಳಿಗೆ ಬೇರೆಯೇ ಟೇಬಲ್. 2014ರ ನವೆಂಬರ್ 1ರಂದು 12 ಊರುಗಳ ಇಂಗ್ಲಿಷ್ ಹೆಸರು ಬದಲಾಯಿತು. ಹಲವರ ಬೆರಳು ಇನ್ನೂ ಹಳೆಯದನ್ನೇ ಒತ್ತುತ್ತದೆ. ಬಿಜಾಪುರ ಅಂತ ಶುರು ಮಾಡಿದವರಿಗೆ ವಿಜಯಪುರ, ಗುಲ್ಬರ್ಗಾ ಅಂತ ಶುರು ಮಾಡಿದವರಿಗೆ ಕಲಬುರಗಿ ಸಿಗಬೇಕಾದರೆ ಯಾವ ಅಕ್ಷರ ಸರಳೀಕರಣವೂ ಸಾಲದು, ಮೊದಲಕ್ಷರವೇ ಬೇರೆ. ಇಂಗ್ಲಿಷ್ ಲಿಪಿಯ ಹಳೆಯ, ಹೊಸ ಎರಡೂ ರೂಪಗಳನ್ನು ಇದೇ ಟೇಬಲ್‌ಗೆ ಹಾಕಿದ್ದು ಇನ್ನೊಂದು ಕಡೆ ಉಪಯೋಗಕ್ಕೆ ಬಂತು. ಫೋನಿನ ಕೆಲವು ಲಿಪ್ಯಂತರಣ ಕೀಲಿಮಣೆಗಳು ಪದ ಮುಗಿಯುವವರೆಗೂ ಬಾಕ್ಸ್‌ನಲ್ಲಿ ಇಂಗ್ಲಿಷ್ ಅಕ್ಷರಗಳನ್ನೇ ಇಟ್ಟುಕೊಂಡಿರುತ್ತವೆ. ಆ ಅಕ್ಷರಗಳಿಗೇ ‘ಹುಬ್ಬಳ್ಳಿ’ ಅಂತ ಕನ್ನಡದಲ್ಲಿ ಪಟ್ಟಿ ಬಂದರೆ ಪದ ಮುಗಿಸುವ ಅಗತ್ಯವೇ ಇಲ್ಲ. ‘ಹುಬ್ಳಿ’ಯನ್ನೂ ಇಲ್ಲೇ ಸೇರಿಸಿದೆವು.

ಎಲ್ಲ ಸಡಿಲಿಸಿದರೆ ಗುರುತಿಲ್ಲದವರೂ ಒಳಗೆ ಬರುತ್ತಾರೆ. ಳ, ಲ ಒಂದಾದ ಮೇಲೆ ಹಾಸನ ಜಿಲ್ಲೆಯ ಬೇಲೂರೂ ಸಾಗರ ತಾಲೂಕಿನ ಬೇಳೂರೂ ಒಂದೇ ಕೀ. ಸಡಿಲ ಹೋಲಿಕೆ ಪಟ್ಟಿಗೆ ಸೇರಿಸಿಕೊಳ್ಳಲು ಮಾತ್ರ, ಕ್ರಮ ನಿರ್ಧರಿಸುವುದು ಬಿಗಿ ಹೋಲಿಕೆ. ಟೈಪಾದದ್ದು ಇದ್ದಂತೆಯೇ ಹೊಂದಿದರೆ ಮೇಲೆ, ಸರಳ ರೂಪದಲ್ಲಿ ಹೊಂದಿದರೆ ಅದರ ಕೆಳಗೆ, ಅಡ್ಡಹೆಸರು ಕೊನೆಗೆ. ಪ್ರತಿ ಸಾಲಿನಲ್ಲೂ ಊರಿನ ಪಕ್ಕ ತಾಲೂಕು, ಜಿಲ್ಲೆ ಇರಲೇಬೇಕು. ಬರೀ ‘ಹೊಸಹಳ್ಳಿ’ ಅಂತ ಆರು ಸಾಲು ತೋರಿಸಿದರೆ ಯಾರಿಗೆ ಪ್ರಯೋಜನ? ಪಿನ್‌ಕೋಡ್ ಮೊದಲು ಕೇಳಿದರೆ ಇದೆಲ್ಲ ಅರ್ಧ ಹಗುರಾಗುತ್ತದೆ, ಆರು ಅಂಕಿ ಸಿಕ್ಕರೆ ಹುಡುಕಬೇಕಾದ ಊರುಗಳು ತುಂಬ ಕಡಿಮೆಯಾಗುತ್ತವೆ. ಫಾರಂನ ಕ್ರಮ ಬದಲಿಸಲು ಒಪ್ಪಿಗೆ ಸಿಗಲಿಲ್ಲ, ಸಿಕ್ಕಿದ್ದರೆ ಅದೇ ಮೊದಲ ಆಯ್ಕೆ.

‘ಕನಿಷ್ಠ ಮೂರು ಅಕ್ಷರ ಟೈಪಾದ ಮೇಲೆ ಹುಡುಕು’ ಅನ್ನುವ ನಿಯಮ ಹಲವು ಕಡೆ ಇರುತ್ತದೆ, ಅದು ಇಂಗ್ಲಿಷಿಗೆ ಹೊಲಿದ ಅಂಗಿ. ಜಾವಾಸ್ಕ್ರಿಪ್ಟಿನ ಲೆಕ್ಕದಲ್ಲಿ ‘ಹು’ ಎರಡು, ‘ಗದ’ವೂ ಎರಡು. ನಾವು ಒಂದು ಪೂರ್ತಿ ಅಕ್ಷರ ಬಂದರೆ ಸಾಕು ಅಂತ ಇಟ್ಟೆವು. ಕೊನೆಯ ಕೀಲಿಯ ನಂತರ 200 ಮಿಲಿಸೆಕೆಂಡ್ ಕಾದು ಸರ್ವರ್‌ಗೆ ಕೇಳುವುದು. ಹೊಸ ಕೋರಿಕೆ ಹೊರಡುವಾಗ ಹಳೆಯದನ್ನು ಅಬಾರ್ಟ್‌ಕಂಟ್ರೋಲರ್‌ನಿಂದ ರದ್ದು ಮಾಡಬೇಕು. ಇಲ್ಲದಿದ್ದರೆ ನಿಧಾನದ ನೆಟ್‌ವರ್ಕಿನಲ್ಲಿ ‘ಹು’ವಿನ ಉತ್ತರ ‘ಹುಬ್ಬ’ದ ಉತ್ತರಕ್ಕಿಂತ ತಡವಾಗಿ ಬಂದು ಅದರ ಮೇಲೆ ಕೂರುತ್ತದೆ. ಸರ್ವರ್‌ನಲ್ಲಿ ಪೋಸ್ಟ್‌ಗ್ರೆಸ್, ಅಂದರೆ ಡೇಟಾಬೇಸು, ಕೀ ಕಾಲಂಗೆ ಬೇಗ ಹುಡುಕಲು ಇಂಡೆಕ್ಸ್ ಹಾಕಿಯೂ ಅದು ಬಳಕೆಯಾಗುತ್ತಿರಲಿಲ್ಲ. ಲೊಕೇಲ್ (ಡೇಟಾಬೇಸ್‌ನ ಭಾಷೆ, ಅಕ್ಷರಕ್ರಮದ ಸೆಟ್ಟಿಂಗ್) ‘ಸಿ’ ಅಲ್ಲದಿದ್ದರೆ, ಹುಡುಕುವ ಆಜ್ಞೆ ‘ಲೈಕ್’ನ ಮುಂಭಾಗದ ಹೋಲಿಕೆಗೆ ಇಂಡೆಕ್ಸನ್ನು ‘ಟೆಕ್ಸ್ಟ್_ಪ್ಯಾಟರ್ನ್_ಆಪ್ಸ್’ ಕೊಟ್ಟು ಕಟ್ಟಬೇಕು. ಯುಆರ್‌ಎಲ್ ಅನ್ನು ಕೈಯಾರೆ ಜೋಡಿಸುವ ಸಾಹಸವೂ ಬೇಡ. ಒಂದೊಂದು ಕನ್ನಡ ಸಂಕೇತ ಅಲ್ಲಿ ಒಂಬತ್ತು ಅಕ್ಷರವಾಗುತ್ತದೆ, ಹುಬ್ಬಳ್ಳಿ ಒಂದೇ 81. ಯುಆರ್‌ಎಲ್‌ಸರ್ಚ್‌ಪ್ಯಾರಾಮ್ಸ್ ಅದನ್ನು ನೋಡಿಕೊಳ್ಳುತ್ತದೆ.

ಮಧ್ಯಾಹ್ನದ ಮೇಲೆ ಮೌಸ್ ಮತ್ತು ಎಂಟರ್. ಪಟ್ಟಿಯ ಸಾಲಿನ ಮೇಲೆ ಕ್ಲಿಕ್ ಮಾಡಿದರೆ ಪಟ್ಟಿ ಮುಚ್ಚುತ್ತದೆ, ಬಾಕ್ಸ್ ತುಂಬುವುದಿಲ್ಲ. ಮೌಸ್‌ಡೌನ್ ಆದ ತಕ್ಷಣ ಬಾಕ್ಸ್‌ನ ಬ್ಲರ್ (ಫೋಕಸ್ ಕಳೆದುಕೊಳ್ಳುವುದು) ನಡೆಯುತ್ತದೆ, ಬ್ಲರ್ ಪಟ್ಟಿ ಮುಚ್ಚುತ್ತದೆ, ಕ್ಲಿಕ್ ಬರುವಷ್ಟರಲ್ಲಿ ಅಲ್ಲಿ ಏನೂ ಇಲ್ಲ. ಬ್ಲರ್‌ನಲ್ಲಿ 200 ಮಿಲಿಸೆಕೆಂಡ್ ಕಾಯಿಸುವವರಿದ್ದಾರೆ, ಅದು ತೇಪೆ. ಪಟ್ಟಿಯ ಮೌಸ್‌ಡೌನ್‌ಗೆ ಪ್ರಿವೆಂಟ್‌ಡೀಫಾಲ್ಟ್ (ಬ್ರೌಸರಿನ ಮಾಮೂಲಿ ವರ್ತನೆ ತಡೆಯುವ ಆಜ್ಞೆ) ಕೊಟ್ಟರೆ ಬ್ಲರ್ ಆಗುವುದೇ ಇಲ್ಲ. ಎಂಟರ್‌ನ ತಂಟೆ ಲಿಪ್ಯಂತರಣದವರಿಗೆ ಮಾತ್ರ. ಕೀಲಿಮಣೆ ಕೊಟ್ಟ ಪದವನ್ನು ಒಪ್ಪಲು ಅವರು ಎಂಟರ್ ಒತ್ತಿದರೆ, ನಮ್ಮ ಕೋಡು ಅದನ್ನು ‘ಊರು ಆರಿಸಿದರು’ ಅಂತ ತಿಳಿಯಿತು. ಕೀಡೌನ್‌ನಲ್ಲಿ ಈಸ್‌ಕಂಪೋಸಿಂಗ್ (ಪದ ಇನ್ನೂ ಕಟ್ಟಾಗುತ್ತಿದೆ ಅನ್ನುವ ಗುರುತು) ನಿಜವಾಗಿದ್ದರೆ ಸುಮ್ಮನಿರಬೇಕು. ಸಫಾರಿಯಲ್ಲಿ ಆ ಹೊತ್ತಿಗೆ ಅದು ಸುಳ್ಳಾಗಿರುತ್ತದೆ, ಹಾಗಾಗಿ ಕೀಕೋಡ್ 229, ಅಂದರೆ ಲಿಪ್ಯಂತರಣ ಕೀಲಿಮಣೆಯೇ ಬಳಸಿಕೊಂಡ ಕೀಲಿ, ಇದೆಯೇ ಅಂತಲೂ ನೋಡಬೇಕು. ಆಂಡ್ರಾಯ್ಡ್‌ನಲ್ಲಿ ಹೆಚ್ಚಿನ ಕೀಲಿಗಳೂ 229 ಅಂತಲೇ ಬರುವುದರಿಂದ, ಟೈಪಾದದ್ದನ್ನು ತಿಳಿಯಲು ಕೀಅಪ್ ನಂಬದೆ ‘ಇನ್‌ಪುಟ್’ ಇವೆಂಟ್ ಹಿಡಿಯಬೇಕು.

ಹೊಂದಿದ ಭಾಗವನ್ನು ದಪ್ಪಗೆ ತೋರಿಸುವ ಅಲಂಕಾರ ಇದೆಯಲ್ಲ, ಅದನ್ನು ಬಿಟ್ಟರೂ ನಷ್ಟವಿಲ್ಲ. ವೆಬ್‌ಸೈಟಿನವರು ಬೇಕೇ ಬೇಕು ಅಂದರು. ‘ಮೈಸ’ ಹೊಂದಿತು ಅಂತ ಮೈಸೂರನ್ನು ಅಲ್ಲೇ ಕತ್ತರಿಸಿದರೆ ಉಳಿದ ತುಂಡು ೂ ಇಂದ ಶುರುವಾಗುತ್ತದೆ, ಕೆಲವೆಡೆ ಚುಕ್ಕಿಗಳ ಬಳೆ ಸಮೇತ. ಬರಹವನ್ನು ಅಕ್ಷರಗಳಾಗಿ ಬಿಡಿಸುವ ಇಂಟ್ಲ್ ಸೆಗ್ಮೆಂಟರ್ ಬಳಸಿ ಅಕ್ಷರದ ಗಡಿಯಲ್ಲಿ ಕತ್ತರಿಸಿದೆವು. ಅದು ‘ಬ್ಬ’ವನ್ನು ಬ್ ಮತ್ತು ಬ ಅಂತ ಎರಡು ಮಾಡಿತು. ‘್’ನಲ್ಲಿ ಮುಗಿಯುವ ತುಂಡನ್ನು ಮುಂದಿನದಕ್ಕೆ ಅಂಟಿಸಿದ ಮೇಲೆ ಸರಿಯಾಯಿತು.

ಉಳಿದದ್ದು ಬೇಗ ಮುಗಿಯಿತು. ಬ್ರೌಸರಿನ ಹಳೆಯ ನೆನಪುಗಳು ನಮ್ಮ ಪಟ್ಟಿಯ ಮೇಲೆ ಬೀಳದಂತೆ ಆಟೋಕಂಪ್ಲೀಟ್ ಆಫ್. ಇನ್‌ಪುಟ್‌ಗೆ ಕಾಂಬೋಬಾಕ್ಸ್ ರೋಲ್, ಪಟ್ಟಿಗೆ ಲಿಸ್ಟ್‌ಬಾಕ್ಸ್, ಬಾಣದ ಕೀಲಿಯಲ್ಲಿ ಇಳಿದಾಗ ಫೋಕಸ್ ಬಾಕ್ಸ್‌ನಲ್ಲೇ ಉಳಿದು ಏರಿಯಾ-ಆಕ್ಟಿವ್‌ಡಿಸೆಂಡೆಂಟ್ (ಈಗ ಯಾವ ಸಾಲಿನಲ್ಲಿದ್ದೇವೆ ಅಂತ ಹೇಳುವ ಗುರುತು) ಮಾತ್ರ ಬದಲಾಗುವುದು. ಪರದೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಕನ್ನಡದ ದನಿಯಲ್ಲಿ ಓದಲು ಪಟ್ಟಿಗೆ ಭಾಷೆಯ ಗುರುತು. ಫೋನಿನಲ್ಲಿ ಅರ್ಧ ಪರದೆ ಕೀಲಿಮಣೆಗೇ ಹೋಗುವುದರಿಂದ ಐದೇ ಸಾಲು. ಲೈನ್‌ಹೈಟ್ 1.2 ಇದ್ದದ್ದನ್ನು 1.6 ಮಾಡಿದ ಮೇಲೆ ಹುಬ್ಬಳ್ಳಿಯ ಒತ್ತುಗಳು ಬುಡ ಕತ್ತರಿಸದೆ ಕಂಡವು. ಐಫೋನಿನಲ್ಲಿ ಬಾಕ್ಸ್‌ನ ಫಾಂಟ್ 16 ಪಿಕ್ಸೆಲ್‌ಗಿಂತ ಸಣ್ಣದಾದರೆ ಮುಟ್ಟಿದ ಕೂಡಲೇ ಪುಟ ಹಿಗ್ಗುತ್ತದೆ.

ಪಟ್ಟಿಯಲ್ಲಿ ಇಲ್ಲದ ಊರನ್ನೂ ಒಪ್ಪಿಕೊಳ್ಳುವಂತೆ ಬಿಟ್ಟು, ಅಂಥವುಗಳನ್ನು ಬೇರೆ ಟೇಬಲ್‌ಗೆ ಬರೆಸಿದೆವು. ಮರುದಿನ ಬೆಳಿಗ್ಗೆ ಅದರಲ್ಲಿ ಇದ್ದ ಮೊದಲ ಹೆಸರು ‘ಸಿರ್ಸಿ’. ಶಿರಸಿ ಪಟ್ಟಿಯಲ್ಲಿದೆ, ಕೀಯಲ್ಲಿ ಶ ಸ ಆಗಿ ‘ಸಿರಸಿ’ ಅಂತ ಕೂತಿದೆ. ಆ ಗ್ರಾಹಕರು ‘ಸಿರ್’ ಅಂತ ಒತ್ತಿದಾಗ ಕೊನೆಯ ಒತ್ತು ಕಳಚಿ ಶಿರಸಿ ಕೆಳಗೆ ಬಂದೇ ಬಂದಿರಬೇಕು. ಮುಂದಿನ ಕೀಲಿಗೆ ಅದು ‘ಸಿರ್ಸ್’ ಆಗಿ, ಒತ್ತು ನಡುವಿಗೆ ಹೋಗಿ, ಪಟ್ಟಿ ಮಾಯ. ಸಿರ್ಸಿಯನ್ನು ಹುಬ್ಳಿಯ ಕೆಳಗೆ ಸೇರಿಸಿದ್ದಾಯಿತು.