ಉಯಿಲು ಬರೆಯುವ ತರಬೇತಿ: ಅಭ್ಯಾಸ ಕಡತ ಎಲ್ಲಿಗೆ ಬಂದಿದೆ

ಕಿರಿಯ ವಕೀಲರಿಗಾಗಿ ಸಿದ್ಧಪಡಿಸುತ್ತಿರುವ ಅಭ್ಯಾಸ ಕಡತದಲ್ಲಿ ಸಾಕ್ಷಿಗಳ ಭಾಗ ಮುಗಿದಿದೆ, ಆಸ್ತಿ ಹಂಚಿಕೆಯ ಭಾಗ ನಡೆಯುತ್ತಿದೆ. ಮಾದರಿ ನಮೂನೆ ಕೊಟ್ಟು ಹೆಸರು, ವಿಳಾಸ ತುಂಬಿಸುವ ಪದ್ಧತಿಯನ್ನು ಬೇಕೆಂದೇ ಬಿಟ್ಟಿದ್ದೇನೆ. ಉಯಿಲು ಜಾರಿಗೆ ಬರುವ ಹೊತ್ತಿಗೆ ಬರೆಸಿದವರು ಇರುವುದಿಲ್ಲವಾದ್ದರಿಂದ, ಮೊದಲು ಸಿದ್ಧ ಕರಡೊಂದನ್ನು ಎದುರು ಪಕ್ಷದ ವಕೀಲರಂತೆ ಓದಿಸಿ, ಆಮೇಲೆ ಬರೆಯಲು ಕೂರಿಸುತ್ತೇನೆ.

ಸಾಕ್ಷಿಗಳ ಭಾಗಕ್ಕೆ ಆಧಾರ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ 63ನೇ ಕಲಂ. ಕನಿಷ್ಠ ಇಬ್ಬರು ಸಾಕ್ಷಿಗಳು ಬೇಕು. ಉಯಿಲು ಬರೆಸಿದವರು ಸಹಿ ಮಾಡಿದ್ದನ್ನು ಪ್ರತಿಯೊಬ್ಬರೂ ನೋಡಿರಬೇಕು ಅಥವಾ ಅದು ತಮ್ಮದೇ ಸಹಿಯೆಂದು ಅವರ ಬಾಯಿಂದಲೇ ಕೇಳಿರಬೇಕು, ಮತ್ತು ಅವರ ಸಮಕ್ಷಮದಲ್ಲೇ ತಾವೂ ಸಹಿ ಹಾಕಿರಬೇಕು. ಇಬ್ಬರೂ ಏಕಕಾಲದಲ್ಲಿ ಹಾಜರಿರಬೇಕೆಂದು ಕಾಯಿದೆ ಹೇಳುವುದಿಲ್ಲ. ಆದರೂ ಒಟ್ಟಿಗೆ ಕೂರಿಸುವುದೇ ಸರಿಯೆಂದು ಕಡತದಲ್ಲಿ ಒತ್ತಿ ಬರೆದಿದ್ದೇನೆ: ಮುಂದೆ ಒಬ್ಬ ಸಾಕ್ಷಿಯಷ್ಟೇ ನುಡಿಯಲು ಸಿಕ್ಕರೆ, ಇನ್ನೊಬ್ಬರ ಸಹಿಯ ಬಗ್ಗೆಯೂ ಅವರೇ ಹೇಳಬೇಕಾಗುತ್ತದೆ. ಈ ಅಭ್ಯಾಸದಲ್ಲಿ ಒಬ್ಬರು ಸಾಕ್ಷಿಯಾಗಿ ನಿಂತು ಪಾಟೀಸವಾಲು ಎದುರಿಸುತ್ತಾರೆ. "ಸಹಿ ನನ್ನದೇ" ಎಂಬ ಉತ್ತರ ಎಷ್ಟು ಅಸಮರ್ಪಕವೆಂದು ಅಲ್ಲಿ ತಾನಾಗಿ ತಿಳಿಯುತ್ತದೆ.

ಹಂಚಿಕೆಯ ಭಾಗಕ್ಕೆ ಹೆಚ್ಚು ಸಮಯ ಬೇಕಾಗುತ್ತಿದೆ, ಬೇಕಾಗಲೂಬೇಕು. ಮೊದಲ ಅಭ್ಯಾಸದ ವಾಕ್ಯವಿದು: "ನನ್ನ ಮನೆಯು ನನ್ನ ಹೆಂಡತಿಗೆ ಸಂಪೂರ್ಣ ಹಕ್ಕಿನಿಂದ ಸೇರತಕ್ಕದ್ದು, ಆಕೆಯ ನಂತರ ನನ್ನ ಇಬ್ಬರು ಮಕ್ಕಳಿಗೆ ಸಮಭಾಗವಾಗಿ ಸೇರತಕ್ಕದ್ದು." ಆಕೆ ಆ ಮನೆಯನ್ನು ಮಾರಬಹುದೇ? ಇಡೀ ಉಯಿಲನ್ನು ಒಟ್ಟಾಗಿ ಓದಿ ಅರ್ಥ ಮಾಡಬೇಕೆಂದು 82ನೇ ಕಲಂ ಹೇಳಿದರೆ, ಎರಡು ಮಾತು ಹೊಂದಿಕೆಯಾಗದಿದ್ದಾಗ ಕೊನೆಯದೇ ನಿಲ್ಲುತ್ತದೆಂದು 88ನೇ ಕಲಂ ಹೇಳುತ್ತದೆ. ಕಲಿಯುವವರು ಇದನ್ನು ಮೂರು ಬಗೆಯಲ್ಲಿ ತಿದ್ದಿ ಬರೆಯಬೇಕು: ಹೆಂಡತಿಗೆ ಪೂರ್ಣ ಒಡೆತನ, ಜೀವಿತಾವಧಿಯ ಅನುಭೋಗದ ಹಕ್ಕು ಮಾತ್ರ, ಆಕೆ ಪತಿಗಿಂತ ಮೊದಲೇ ತೀರಿಕೊಂಡರೆ ಮಾತ್ರ ಮಕ್ಕಳಿಗೆ. ಕಕ್ಷಿದಾರರ ಮನಸ್ಸಿನಲ್ಲಿರುವುದು ಬಹುಮಟ್ಟಿಗೆ ಮೂರನೆಯದೇ ಎಂದು ನನಗನಿಸುತ್ತದೆ, ಆದರೆ ಕೇಳದೆ ಊಹಿಸಿ ಬರೆಯುವ ಅಧಿಕಾರ ವಕೀಲರಿಗಿಲ್ಲ.

ಎರಡನೆಯ ಅಭ್ಯಾಸ, ಉಯಿಲಿನಲ್ಲಿ ಮಗನಿಗೆ ಆಸ್ತಿ ಕೊಟ್ಟ ತಂದೆಗಿಂತ ಮೊದಲು ಆ ಮಗ ತೀರಿಕೊಳ್ಳುವ ಸನ್ನಿವೇಶದ್ದು. ಸಾಮಾನ್ಯವಾಗಿ ಅಂತಹ ಕೊಡುಗೆ 105ನೇ ಕಲಮಿನಂತೆ ರದ್ದಾಗುತ್ತದೆ. ಮಗನ ಸಂತತಿ ಉಳಿದಿದ್ದರೆ, ಉಯಿಲಿನಲ್ಲಿ ಬೇರೆ ಇಚ್ಛೆ ಕಾಣದಿರುವಾಗ, 109ನೇ ಕಲಂ ಅದನ್ನು ಉಳಿಸುತ್ತದೆ. ಹಾಗೆ ಉಳಿದದ್ದು ನೇರವಾಗಿ ಮೊಮ್ಮಕ್ಕಳಿಗೆ ಹೋಗದೆ, ತಂದೆಯ ನಂತರ ಮಗ ತೀರಿಕೊಂಡಿದ್ದರೆ ಹೇಗೋ ಹಾಗೆ ಮಗನ ಆಸ್ತಿಯಾಗಿ ಸೇರುತ್ತದೆ. ಮೊಮ್ಮಕ್ಕಳಿಗೇ ಸೇರಬೇಕೆಂದಿದ್ದರೆ ಅದನ್ನು ಬಿಡಿಸಿ ಬರೆಯಲೇಬೇಕು.

ನೋಂದಣಿ ಐಚ್ಛಿಕವೆಂಬುದಕ್ಕೂ, ಸಹಿಯಾದ ಮೇಲಿನ ತಿದ್ದುಪಡಿಗೆ ಮತ್ತೆ ಸಹಿ ಮತ್ತು ಸಾಕ್ಷಿ ಬೇಕೆಂಬ 71ನೇ ಕಲಮಿಗೂ ಒಂದೊಂದು ಪುಟ ಸಾಕಾಯಿತು.

ಮುಂದಿನ ಕೆಲಸ ಕಕ್ಷಿದಾರರೊಂದಿಗಿನ ಮೊದಲ ಭೇಟಿಯ ಪ್ರಶ್ನಾವಳಿ. ಅನುಮಾನಾಸ್ಪದ ಸಂದರ್ಭಗಳಿದ್ದರೆ ಅವನ್ನು ನಿವಾರಿಸುವ ಹೊಣೆ ಉಯಿಲನ್ನು ಮುಂದಿಡುವವರದೆಂದು ಸುಪ್ರೀಂ ಕೋರ್ಟು 1959ರ ವೆಂಕಟಾಚಲ ಅಯ್ಯಂಗಾರ್ ಪ್ರಕರಣದಲ್ಲಿ ಹೇಳಿದೆ. ಆದ್ದರಿಂದ ಆಸ್ತಿ ಪಡೆಯಲಿರುವವರೇ ಹಿರಿಯರನ್ನು ಕರೆತಂದಾಗ, ಕರೆತಂದವರನ್ನು ಹೊರಗೆ ಕೂರಿಸಿ ಹಿರಿಯರನ್ನಷ್ಟೇ ಕೇಳಬೇಕಾದ ಪ್ರಶ್ನೆಗಳನ್ನು ಮೊದಲು ಬರೆಯುತ್ತಿದ್ದೇನೆ. ವಾರಸುದಾರರೊಬ್ಬರನ್ನು ಬಿಟ್ಟಿದ್ದರೆ ಅದರ ಕಾರಣವನ್ನು ಕಕ್ಷಿದಾರರ ಮಾತಿನಲ್ಲೇ ದಾಖಲಿಸುವ ಅಭ್ಯಾಸ ಅದರ ಜೊತೆಗೇ ಬರಲಿದೆ.