ಎಫ್ ಕೀ ಮೇಲಿನ ಸಣ್ಣ ಗೆರೆ

ತುಮಕೂರಿನ ಅಶೋಕ ರಸ್ತೆ ಹತ್ತಿರ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಮದುವೆ ಪತ್ರಿಕೆ, ಗೃಹಪ್ರವೇಶ, ತಿಥಿ ಕಾರ್ಡು, ಜಾತ್ರೆ ಕರಪತ್ರ. ಇಪ್ಪತ್ತು ವರ್ಷದ ಮೇಲಾಯಿತು ಇದೇ ಕೆಲಸ.

ಕಣ್ಣು ಮೊದಲು ಕೈಕೊಟ್ಟಿದ್ದು ಸಂಜೆ ಹೊತ್ತು. ಕರೆಂಟು ಹೋದರೆ ಬಾಗಿಲ ಹತ್ತಿರ ಬಿಟ್ಟ ಚಪ್ಪಲಿ ಸಿಗುತ್ತಿರಲಿಲ್ಲ, ಬಸ್ ಸ್ಟ್ಯಾಂಡಿನಲ್ಲಿ ಪಕ್ಕದಿಂದ ಬಂದವರಿಗೆ ಡಿಕ್ಕಿ ಹೊಡೆಯುತ್ತಿದ್ದೆ. ಬೆಂಗಳೂರಿನ ಕಣ್ಣಿನ ಆಸ್ಪತ್ರೆಯಲ್ಲಿ ರೆಟಿನೈಟಿಸ್ ಪಿಗ್ಮೆಂಟೋಸಾ ಎಂದರು. ಕಣ್ಣಿನ ಹಿಂದಿನ ಪರದೆಯಲ್ಲಿ ಮಬ್ಬು ಬೆಳಕಿನಲ್ಲಿ ನೋಡಲು ಬೇಕಾದ ಕೋಶಗಳು ಮೊದಲು ಸಾಯುತ್ತವೆ, ಆಮೇಲೆ ಸುತ್ತಲಿನ ನೋಟ ಕಿರಿದಾಗುತ್ತಾ ಬರುತ್ತದೆ. ಈಗ ನಾನು ನೋಡುವುದು ಒಂದು ಕೊಳವೆಯೊಳಗಿಂದ ನೋಡಿದ ಹಾಗೆ.

ಎಲ್ಲರೂ ಹೇಳಿದ್ದು ಒಂದೇ ಮಾತು, ಅಕ್ಷರ ದೊಡ್ಡದು ಮಾಡ್ಕೋ. ಮಾಡಿದೆ. ವಿಂಡೋಸ್ ಕೀ ಜೊತೆ ಪ್ಲಸ್ ಒತ್ತಿದರೆ ಮ್ಯಾಗ್ನಿಫೈಯರ್ ಬರುತ್ತದೆ. 400 ಪರ್ಸೆಂಟಿಗೆ ಹೋದಾಗ ಪರದೆ ತುಂಬ ಎರಡೋ ಮೂರೋ ಪದ ಮಾತ್ರ ಉಳಿದವು, ನನ್ನ ಕೊಳವೆಯೊಳಗೆ ಬಿದ್ದಿದ್ದು ಅದರಲ್ಲಿ ಎರಡಕ್ಷರ. ಪದದ ಕೊನೆಗೆ ಬರುವಷ್ಟರಲ್ಲಿ ಮೊದಲು ಮರೆತುಹೋಗುತ್ತಿತ್ತು. ನೋಟದ ನಡುಭಾಗ ಮಸುಕಾದವರಿಗೆ ದೊಡ್ಡ ಅಕ್ಷರದಿಂದ ತುಂಬಾ ಸಹಾಯ ಆಗುತ್ತದೆ. ನೋಟ ಕಿರಿದಾದವರಿಗೆ ಅದೇ ಅಡ್ಡಿ. ಕಣ್ಣು ಕಡಿಮೆ ಅಂದ್ರೆ ಎಲ್ಲರಿಗೂ ಒಂದೇ ಥರ ಕಡಿಮೆ ಅಲ್ಲ, ಅದು ಮನೆಯವರಿಗೂ ಅರ್ಥ ಆಗಬೇಕು. ನನಗೆ ಅನುಕೂಲ ಆಗಿದ್ದು ಅದೇ ಮ್ಯಾಗ್ನಿಫೈಯರ್ ಇಟ್ಟುಕೊಂಡು ಕಂಟ್ರೋಲ್, ಆಲ್ಟ್, ಐ ಒತ್ತಿ ಬಣ್ಣ ತಿರುಗಿಸಿದ್ದು. ಕಪ್ಪು ಹಿನ್ನೆಲೆ, ಬಿಳಿ ಅಕ್ಷರ. ಕಣ್ಣು ಕುಕ್ಕುವುದು ನಿಂತಿತು.

ಆದರೂ ಒಂದು ಮದುವೆ ಪತ್ರಿಕೆಯಲ್ಲಿ ಎಡವಿದೆ. ವರನ ತಾತನ ಹೆಸರಿನಲ್ಲಿದ್ದ ಷ, ಪ ಆಗಿಹೋಗಿತ್ತು. ಹೊಟ್ಟೆ ಸೀಳುವ ಒಂದು ಗೆರೆಯಷ್ಟೇ ವ್ಯತ್ಯಾಸ, ಅದು ನನಗೆ ಪ್ರೂಫ್‌ನಲ್ಲಿ ಕಾಣಲಿಲ್ಲ. 500 ಕಾರ್ಡು ಮತ್ತೆ ಹಾಕಿಸಿಕೊಟ್ಟೆ. ಆ ದುಡ್ಡಿಗಿಂತ ಆ ಮನೆಯ ಹಿರಿಯರು ಕಾರ್ಡು ಕೈಯಲ್ಲಿ ಹಿಡಿದು ಸುಮ್ನೆ ನಿಂತಿದ್ದು ಇವತ್ತಿಗೂ ಮನಸ್ಸಿನಲ್ಲಿ ಹಾಗೇ ಇದೆ.

ಅವತ್ತೇ ಎನ್‌ವಿಡಿಎ ಹಾಕಿಸಿಕೊಂಡೆ. ಪರದೆಯಲ್ಲಿ ಇರುವುದನ್ನು ಓದಿ ಹೇಳುವ ತಂತ್ರಾಂಶ, ಪೂರ್ತಿ ಉಚಿತ. 2006ರಲ್ಲಿ ಆಸ್ಟ್ರೇಲಿಯಾದ ಮೈಕಲ್ ಕರನ್ ಶುರು ಮಾಡಿದ್ದು. ಅವರಿಗೇ ಕಣ್ಣು ಕಾಣುವುದಿಲ್ಲ, ಆಗ ಇದ್ದ ಇಂಥ ತಂತ್ರಾಂಶಗಳ ಬೆಲೆ ಜಾಸ್ತಿ ಅಂತಲೇ ಇದನ್ನು ಕಟ್ಟಿದರು. ಇದರ ಜೊತೆ ಬರುವ ಇ-ಸ್ಪೀಕ್ ಕನ್ನಡವನ್ನೂ ಓದುತ್ತದೆ. ದನಿ ತಗಡಿನ ಥರ ಇದೆ, ಮೊದಲ ವಾರ ಬೇಡವೇ ಬೇಡ ಅನ್ನಿಸುತ್ತದೆ, ಎರಡನೇ ವಾರಕ್ಕೆ ಒಗ್ಗುತ್ತದೆ. ಇನ್ಸರ್ಟ್ ಜೊತೆ 2 ಒತ್ತಿದರೆ ಟೈಪ್ ಮಾಡಿದ ಒಂದೊಂದು ಅಕ್ಷರ ಹೇಳುವುದನ್ನು ಆನ್ ಆಫ್ ಮಾಡಬಹುದು, 3 ಒತ್ತಿದರೆ ಪದ ಹೇಳುವುದನ್ನು. ನಾನು ಹೆಸರು ಹೊಡೆಯುವಾಗ ಅಕ್ಷರ, ಉಳಿದದ್ದಕ್ಕೆ ಪದ ಇಟ್ಟುಕೊಂಡಿದ್ದೇನೆ.

ಆದರೆ ಕಿವಿಗೂ ಒಂದು ಮಿತಿ ಇದೆ. ಶ ಮತ್ತು ಷ ಕೇಳುವುದಕ್ಕೆ ಒಂದೇ. ಅಲ್ಲಿ ನನ್ನನ್ನು ಉಳಿಸಿದ್ದು ಬೆರಳು. ನಾನು ಕಲಿತಿದ್ದು ಕೆ.ಪಿ. ರಾವ್ ಅವರು ಕನ್ನಡಕ್ಕೆ ರೂಪಿಸಿದ ಕೀಲಿಮಣೆ, ಕನ್ನಡ ಟೈಪಿಂಗ್ ತಂತ್ರಾಂಶ ನುಡಿಯಲ್ಲಿ ಇರುವುದೂ ಅದೇ. ಅದರಲ್ಲಿ ಶ ಬೇಕಾದರೆ ಶಿಫ್ಟ್ ಹಿಡಿದು ಎಸ್, ಷ ಬೇಕಾದರೆ ಕೆಳಗಿನ ಸಾಲಿನ ಎಕ್ಸ್, ಪ ಬೇಕಾದರೆ ಬಲಗಡೆ ತುದಿಯ ಪಿ. ಕಣ್ಣಿಗೆ ಗೊಂದಲ ಮಾಡುವ ಪ, ಷ ಎರಡೂ ಕೀಲಿಮಣೆಯ ಒಂದೊಂದು ತುದಿಯಲ್ಲಿವೆ. ಕಿವಿಗೆ ಗೊಂದಲ ಮಾಡುವ ಶ, ಷ ಹೊಡೆಯುವಾಗ ಕೈ ಬೇರೆಬೇರೆ ರೀತಿ ಆಡುತ್ತದೆ. ಈಗ ಹೆಸರು ಬಂದಾಗ ಗಿರಾಕಿಯನ್ನೇ ಕೇಳುತ್ತೇನೆ, ಯಾವ ಷ ಅಂತ. ಬೆರಳು ಸರಿ ಹೋಯಿತೋ ಇಲ್ಲವೋ ನನಗೆ ಗೊತ್ತಾಗುತ್ತದೆ.

ಇನ್ನೊಂದು ವಿಷಯ ಹೇಳಬೇಕು, ಇದು ನನಗೆ ತುಂಬಾ ಇಷ್ಟ. ಎಫ್ ಮತ್ತು ಜೆ ಕೀ ಮೇಲೆ ಒಂದು ಸಣ್ಣ ಉಬ್ಬು ಗೆರೆ ಇರುತ್ತದೆ, ತೋರುಬೆರಳು ಎಲ್ಲಿ ಇಡಬೇಕು ಅಂತ ತಿಳಿಯಲು. ಕೆ.ಪಿ. ರಾವ್ ವಿನ್ಯಾಸದಲ್ಲಿ ಎಫ್ ಅಂದರೆ ಒತ್ತು ಕೊಡುವ ಕೀ. ಅಮ್ಮ ಬೇಕಾದರೆ ಎ, ಎಂ, ಎಫ್, ಎಂ. ಸ್ತ್ರೀ ಬೇಕಾದರೆ ಆರು ಸಲ ಒತ್ತಬೇಕು, ಅದರಲ್ಲಿ ಎರಡು ಸಲ ಎಫ್. ಕನ್ನಡದಲ್ಲಿ ಒತ್ತಿಲ್ಲದ ಸಾಲು ಎಲ್ಲಿದೆ ಹೇಳಿ? ಪರದೆ ಮೇಲೆ ಕಾಣುವುದೇ ಕಷ್ಟ ಈ ಒತ್ತಕ್ಷರ, ಅಷ್ಟು ಸಣ್ಣದು, ಸಾಲಿನ ಕೆಳಗೆ ಅಂಟಿಕೊಂಡಿರುತ್ತದೆ. ಅದನ್ನು ಹುಟ್ಟಿಸುವ ಕೀ ಮಾತ್ರ ಹುಡುಕದೆಯೇ ಬೆರಳ ತುದಿಗೆ ಸಿಗುತ್ತದೆ. ತಪ್ಪಾದಾಗ ಬ್ಯಾಕ್‌ಸ್ಪೇಸ್ ಒತ್ತಿದರೆ ಇಡೀ ಅಕ್ಷರ ಹೋಗುವುದಿಲ್ಲ, ಕೊನೆಗೆ ಒತ್ತಿದ್ದು ಒಂದೇ ಹೋಗುತ್ತದೆ. ಕಣ್ಣಿಲ್ಲದೆ ತಿದ್ದುವವರಿಗೆ ಇದು ದೊಡ್ಡ ಉಪಕಾರ, ಎಷ್ಟು ಸಲ ಒತ್ತಿದೆವೋ ಅಷ್ಟೇ ಹಿಂದೆ ಬರಬಹುದು. ಬ್ಯಾಕ್‌ಸ್ಪೇಸ್ ಮತ್ತು ಡಿಲೀಟ್ ಮೇಲೆ ನಾನು ಒಂದೊಂದು ಹನಿ ಫೆವಿಕ್ವಿಕ್ ಹಾಕಿ ಒಣಗಿಸಿದ್ದೇನೆ, ಮುಟ್ಟಿದ ತಕ್ಷಣ ಗೊತ್ತಾಗಲಿ ಅಂತ.

ಫೋನಿನಲ್ಲಿ ಈ ಗೆರೆ ಇಲ್ಲ. ಟಾಕ್‌ಬ್ಯಾಕ್ ಅನ್ನುವ, ಮುಟ್ಟಿದ್ದನ್ನು ಓದಿ ಹೇಳುವ ಸೌಲಭ್ಯ ಹಾಕಿಕೊಂಡು ಗಾಜಿನ ಮೇಲೆ ಬೆರಳು ಆಡಿಸಬೇಕು, ಬೇಕಾದ ಅಕ್ಷರ ಕೇಳಿಸಿದಾಗ ಬೆರಳು ಎತ್ತಬೇಕು. ನಿಧಾನ. ವಾಟ್ಸಾಪ್‌ಗೆ ನಾನು ಮೈಕ್ ಒತ್ತಿ ಮಾತಾಡಿಬಿಡುತ್ತೇನೆ, ಗೂಗಲ್‌ನ ಫೋನ್ ಕೀಲಿಮಣೆ ಜಿಬೋರ್ಡ್ 2017ರಿಂದ ಕನ್ನಡ ಮಾತನ್ನು ಬರಹ ಮಾಡುತ್ತದೆ. ಮನೆ ಮಾತಿಗೆ ಸಾಕು. ಊರಿನ ಹೆಸರು, ಮನೆತನದ ಹೆಸರು ಬಂದರೆ ನಂಬಬೇಡಿ.

ಈಗ ನಿಜವಾಗಿ ಸಂಕಟದ ವಿಷಯ. ನನ್ನ ಹಳೆಯ ಫೈಲುಗಳು. ಎಲ್ಲವೂ ಪುಟ ಜೋಡಿಸುವ ತಂತ್ರಾಂಶ ಪೇಜ್‌ಮೇಕರ್‌ನಲ್ಲಿ, ಹಳೆ ನುಡಿ ಫಾಂಟಿನಲ್ಲಿ. ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದ್ದವು. ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಇಂಗ್ಲಿಷ್. ನ ಅಕ್ಷರದ ಜಾಗದಲ್ಲಿ ಇರುವುದು ಬ್ರಿಟನ್ನಿನ ಪೌಂಡ್ ಗುರುತು! ಹಾಗಾಗಿ ಆ ಫೈಲಿನ ಸಾಲನ್ನು ಎನ್‌ವಿಡಿಎಗೆ ಓದಲು ಕೊಟ್ಟರೆ ಕನ್ನಡ ಅನ್ನುವ ಪದಕ್ಕೇ ಪಿ, ಎ, ಪೌಂಡ್ ಅಂತ ಏನೇನೋ ಹೇಳುತ್ತದೆ. ನಾನೇ ಹೊಡೆದಿದ್ದು, ನನಗೇ ಕೇಳಿಸುವುದಿಲ್ಲ. ಎಲ್ಲ ಭಾಷೆಯ ಅಕ್ಷರಕ್ಕೂ ಬೇರೆಬೇರೆ ಸಂಖ್ಯೆ ಕೊಡುವ ಯುನಿಕೋಡ್ ಅನ್ನುವ ವ್ಯವಸ್ಥೆಯಲ್ಲಿ ಕನ್ನಡಕ್ಕೆ ತನ್ನದೇ ಜಾಗ 1991ರಿಂದ ಇದೆ. ಪರಿವರ್ತಕಕ್ಕೆ ಹಾಕಿ ಒಂದೊಂದೇ ಫೈಲು ಬದಲಾಯಿಸುತ್ತಿದ್ದೇನೆ, ದಿನಕ್ಕೆ ನಾಲ್ಕೋ ಐದೋ.

ನನ್ನದಾದರೂ ಹಳೆಯದು. ಈಗಲೂ ಕಚೇರಿಗಳಿಂದ ಇದೇ ಹಳೆ ಫಾಂಟಿನ ಕಾಗದ ಬರುತ್ತದೆ. ಹೋದ ತಿಂಗಳು ಅಂಗವಿಕಲರ ಸೌಲಭ್ಯದ ಬಗ್ಗೆಯೇ ಒಂದು ಅರ್ಜಿ ನಮೂನೆ ಬಂತು, ಅದನ್ನೂ ನನ್ನ ಕಂಪ್ಯೂಟರ್ ಓದಲಿಲ್ಲ. ಅಧಿಕಾರಿಗಳೇ, ಟೈಪಿಸ್ಟ್ ಗೆಳೆಯರೇ, ನುಡಿಯಲ್ಲಿ ಯುನಿಕೋಡ್ ಆಯ್ಕೆ ಇದೆ. ಕೀಲಿಮಣೆ ಅದೇ, ಬೆರಳು ಅದೇ. ಆ ಒಂದು ಆಯ್ಕೆ ಬದಲಾಯಿಸಿ. ಅಷ್ಟಕ್ಕೆ ನಾವು ನಿಮ್ಮ ಪತ್ರವನ್ನು ಇನ್ನೊಬ್ಬರ ಕೈಲಿ ಓದಿಸದೆ ನಾವೇ ಓದಿಕೊಳ್ಳಬಹುದು.

ಈಗ ಭಾನುವಾರ ಕೊರಟಗೆರೆ ಕಡೆಯಿಂದ ಒಬ್ಬ ಹುಡುಗಿ ಟೈಪಿಂಗ್ ಕಲಿಯಲು ಬರುತ್ತಾಳೆ, ಡಿಗ್ರಿ ಓದುತ್ತಿದ್ದಾಳೆ, ಅವಳಿಗೂ ನನ್ನದೇ ತೊಂದರೆ. ಇನ್ನೂ ಸ್ವಲ್ಪ ಚೆನ್ನಾಗಿ ಕಾಣುತ್ತದೆ, ಅದಕ್ಕೇ ಕೀಲಿಮಣೆಯ ಮೇಲೆ ಟವೆಲ್ ಹೊದಿಸಿ ಕಲಿಸುತ್ತಿದ್ದೇನೆ. ಕಣ್ಣಿರುವಾಗಲೇ ಕೈ ಕಲಿತುಬಿಡಲಿ. ಮೊನ್ನೆ ಅರ್ಕಾವತ್ತು ಹೇಳಿಕೊಟ್ಟೆ. ಬರೆಯುವಾಗ ಅದು ಅಕ್ಷರ ಆದ ಮೇಲೆ ಬರುತ್ತದೆ, ಹೊಡೆಯುವಾಗ ಬಾಯಲ್ಲಿ ಬರುವ ಹಾಗೆ ಮೊದಲೇ ಬರುತ್ತದೆ, ಆರ್ ಮತ್ತು ಎಫ್. ಅವಳು ಒಂದು ಸಲ ಬಾಯಲ್ಲಿ ಹೇಳಿಕೊಂಡಳು, ಟವೆಲ್ ಕೆಳಗೆ ಬೆರಳು ಆಡಿತು. ಕಂಪ್ಯೂಟರ್ "ಸೂರ್ಯ" ಅಂದಿತು.